ಬೆಂಗಳೂರಿನ ವಠಾರಗಳು

1898ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು, ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆಗಳ ಇಕ್ಕಟ್ಟಾದ ಓಣಿಗಳಲ್ಲಿ ತಲೆಮಾರುಗಳಿಂದ ಬಾಳಿಕೊಂಡು ಬಂದಿದ್ದ ಜನರನ್ನು ಬಯಲಿಗೆ ಅಟ್ಟಿತು. ಆ ಮಹಾಭೀತಿಯ ಬೆನ್ನಿನಲ್ಲಿಯೇ ಬಸವನಗುಡಿ, ಮಲ್ಲೇಶ್ವರಗಳೆಂಬ ಬಡಾವಣೆಗಳು ಬೆಳೆದುವು. ನೇರವಾದ ಬೀದಿಗಳು, ಮನೆಗಳ ಹಿಂದೆ ಮಲ ಸಾಗಿಸುವವರ ಓಡಾಟಕ್ಕೆಂದು ಬಿಟ್ಟ ಕಿರುಗಲ್ಲಿಗಳು, ವಿಶಾಲವಾದ ನಿವೇಶನಗಳು ಇವೆಲ್ಲವೂ ಗಾಳಿ ಬೆಳಕುಗಳು ಧಾರಾಳವಾಗಿ ಆಡಲೆಂಬ ಉದ್ದೇಶದಿಂದಲೇ ರಚಿತವಾದುವು. ಹಾಗೆ ತೆರವಾಗಿ ಬಿಟ್ಟ ಹಿತ್ತಿಲುಗಳಲ್ಲಿಯೇ ಕೆಲವು ದಶಕಗಳೊಳಗೆ ವಠಾರಗಳು ತಲೆಯೆತ್ತಿದುವು. ಅಲ್ಪ ವೇತನದವನಿಗೆ ಈ ನಗರದಲ್ಲಿ ಬಿಡಾರ ಹೂಡಲು ಅವಕಾಶವಿತ್ತದ್ದು ಬಡಾವಣೆಗಿಂತ ಹೆಚ್ಚಾಗಿ ಆ ಹಿತ್ತಿಲೇ.

ನಿವೃತ್ತನಾದ ಗುಮಾಸ್ತನೋ, ಪತಿಯನ್ನು ಕಳೆದುಕೊಂಡ ಗೃಹಿಣಿಯೋ, ಕೂಡಿಟ್ಟ ಹಣವನ್ನು ಇಟ್ಟಿಗೆ ಗಾರೆಗಳಲ್ಲಿ ತೊಡಗಿಸಿ, ಮುಂಭಾಗದಲ್ಲಿ ತಮ್ಮ ವಾಸದ ಮನೆಯನ್ನೂ ಅದರ ಹಿಂದೆ ಓಣಿಯ ಎರಡೂ ಬದಿಗೆ ರೈಲುಡಬ್ಬಿಗಳಂತೆ ನಾಲ್ಕಾರು ಪುಟ್ಟ ಮನೆಗಳನ್ನೂ ಕಟ್ಟಿಸುತ್ತಿದ್ದರು. ಒಂದು ನಡುಮನೆ, ಒಂದು ಅಡುಗೆಮನೆ, ಮೂಲೆಯಲ್ಲೊಂದು ಬಚ್ಚಲು, ಮೇಲೆ ಮಂಗಳೂರು ಹೆಂಚು. ಎರಡು ಮನೆಗಳಿಗೆ ಒಂದೇ ಗೋಡೆ. ಅದೂ ಎಷ್ಟೋ ಕಡೆ ಹೆಂಚನ್ನು ಮುಟ್ಟದೆ ನಡುವೆಯೇ ನಿಲ್ಲುತ್ತಿದ್ದುದರಿಂದ, ಈ ಮನೆಯ ಒಗ್ಗರಣೆಯ ಘಾಟು, ಕೂಸಿನ ಅಳು, ಗಂಡಹೆಂಡಿರ ಪಿಸುಮಾತು ಆ ಮನೆಗೂ ಪಾಲಾಗುತ್ತಿದ್ದುವು. ಅಂಗಳದ ಕೊನೆಯಲ್ಲಿ ಎಲ್ಲರಿಗೂ ಸೇರಿ ಒಂದೆರಡು ಕಕ್ಕಸುಗಳು, ನಡುವೆ ಬಾವಿ. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಗಳಲ್ಲಿ ನಗರಕ್ಕೆ ಹರಿದುಬಂದ ಮೇಲೆ, ಕಾಲಕ್ರಮದಲ್ಲಿ ಬಾವಿಯ ಪಕ್ಕದಲ್ಲೊಂದು ನಲ್ಲಿ. ನಸುಕಿನಲ್ಲಿ ಆ ನಲ್ಲಿ ಗೊರಗೊರನೆ ಗಾಳಿಯುಗುಳಿ ಹನಿಯತೊಡಗುವ ಮೊದಲೇ ಹಿತ್ತಾಳೆಯ ಬಿಂದಿಗೆಗಳೂ ತಾಮ್ರದ ಕೊಡಗಳೂ ಸಾಲಾಗಿ ನಿಂತಿರುತ್ತಿದ್ದುವು. ಮಡಿನೀರಿನವರಿಗೆ ಮೊದಲ ಕೊಡ, ಮಿಲ್ಲಿನ ಮೊದಲ ಪಾಳಿಗೆ ಹೊರಡುವವರ ಮನೆಗೆ ಮುಂದಿನದು, ಬಾಣಂತಿಯಿರುವ ಮನೆಗೆ ಎರಡು ಹೆಚ್ಚು ಎಂಬಂತಹ ಕಟ್ಟಳೆಗಳು ಯಾವ ಪುಸ್ತಕದಲ್ಲಿಯೂ ಬರೆದಿರದಿದ್ದರೂ ಜಗಳಗಳ ನಡುವೆಯೇ ಪಾಲನೆಯಾಗುತ್ತಿದ್ದುವು. 1905ರಲ್ಲಿ ನಗರದ ಬೀದಿಗಳಿಗೆ ವಿದ್ಯುದ್ದೀಪಗಳು ಬಂದುವು; ವಠಾರಕ್ಕೆ ವಿದ್ಯುತ್ತು ಬಂದಾಗಲೂ ಅನೇಕ ಕಡೆ ಒಂದೇ ಮೀಟರು, ಅದರ ಮೈನ್ ಸ್ವಿಚ್ಚು ಮಾಲೀಕರ ಪಡಸಾಲೆಯಲ್ಲಿ.

ಬಾಡಿಗೆ ಕಡಮೆಯಾಗಿದ್ದುದಕ್ಕೆ ಮಾಲೀಕರ ಔದಾರ್ಯವನ್ನು ಕಾರಣವೆನ್ನಲಾಗದು. ನೀರು, ಗೋಡೆ, ಅಂಗಳ, ಕಕ್ಕಸು ಇವುಗಳ ವೆಚ್ಚ ಹತ್ತು ಸಂಸಾರಗಳಲ್ಲಿ ಹಂಚಿಹೋಗುತ್ತಿದ್ದುದೇ ಅದರ ಮರ್ಮ. ಈ ವ್ಯವಸ್ಥೆಯನ್ನು ಯಾವ ಸರ್ಕಾರವೂ ಯೋಜಿಸಲಿಲ್ಲ, ಯಾವ ಎಂಜಿನಿಯರನೂ ನಕ್ಷೆ ಬರೆದು ಪ್ರಚಾರ ಮಾಡಲಿಲ್ಲ. ಆದರೂ ಬಿನ್ನಿ, ಮಿನರ್ವ ಗಿರಣಿಗಳ ಕಾರ್ಮಿಕರು, ಶಾಲಾ ಉಪಾಧ್ಯಾಯರು, ಕಚೇರಿಯ ಗುಮಾಸ್ತರು ಮುಂತಾದ ಅಸಂಖ್ಯ ಜನರನ್ನು ಅದು ಸಾಕಿತು. ಇದನ್ನು ನಾನು ಈ ನಗರದ ದೊಡ್ಡ ಸಾಧನೆಗಳಲ್ಲಿ ಒಂದೆಂದೇ ಎಣಿಸುತ್ತೇನೆ.

ಎಣಿಸುವಾಗ ಅದರ ಕಳಂಕವನ್ನು ಮರೆಯುವುದು ಅನ್ಯಾಯವಾದೀತು. ಮನೆ ಹುಡುಕುವವನು ಸಂಜೆಯ ಹೊತ್ತು ಬೀದಿಬೀದಿ ಅಲೆದು, 'ಬಾಡಿಗೆಗೆ ಇದೆ' ಎಂಬ ಹಲಗೆಯನ್ನು ಕಂಡು ಬಾಗಿಲು ತಟ್ಟಿದರೆ, ಬಾಡಿಗೆಯ ಮಾತಿಗೆ ಮೊದಲೇ ಒಳಗಿನಿಂದ ಬರುತ್ತಿದ್ದ ಪ್ರಶ್ನೆ: "ತಾವು ಯಾವ ಪೈಕಿ, ಸ್ವಾಮೀ?" ಉತ್ತರ ಹಿಡಿಸದಿದ್ದರೆ, "ಈಗ ತಾನೇ ಬೇರೆಯವರಿಗೆ ಮಾತು ಕೊಟ್ಟುಬಿಟ್ಟೆವಲ್ಲ" ಎಂಬ ನಯವಾದ ಸುಳ್ಳಿನೊಡನೆ ಬಾಗಿಲು ಮುಚ್ಚುತ್ತಿತ್ತು, ಹಲಗೆ ಮಾತ್ರ ಮರುದಿನವೂ ತೂಗುತ್ತಿತ್ತು. ಬಾವಿಯನ್ನು ಹಂಚಿಕೊಳ್ಳಬಲ್ಲವರು ಯಾರೆಂಬುದನ್ನು ಜಾತಿ ನಿರ್ಣಯಿಸುತ್ತಿದ್ದುದರಿಂದ, ಅಗ್ಗದ ಬಾಡಿಗೆಯೆಂಬ ಸೌಭಾಗ್ಯವೂ ಜಾತಿಯ ಮೇರೆಗೇ ಹಂಚಿಕೆಯಾಯಿತು. ಹೊರಗುಳಿದವರು ಕೆರೆಯಂಗಳದಲ್ಲಿಯೋ ರೈಲುಹಳಿಯ ಬದಿಯಲ್ಲಿಯೋ ಗುಡಿಸಲು ಕಟ್ಟಿಕೊಳ್ಳಬೇಕಾಯಿತು.

ಎರಡನೆಯ ಮಹಾಯುದ್ಧ ಈ ಲೆಕ್ಕಾಚಾರವನ್ನೆಲ್ಲ ತಲೆಕೆಳಗು ಮಾಡಿತು. 1940ರಲ್ಲಿ ವಿಮಾನ ಕಾರ್ಖಾನೆ, ಯುದ್ಧಾನಂತರ 1948ರಲ್ಲಿ ದೂರವಾಣಿ ಕಾರ್ಖಾನೆ, ಬಳಿಕ ಒಂದರ ಹಿಂದೊಂದು ಉದ್ಯಮಗಳು ಸ್ಥಾಪಿತವಾಗಿ, 1941ರಲ್ಲಿ ಸುಮಾರು ನಾಲ್ಕು ಲಕ್ಷವಿದ್ದ ಜನಸಂಖ್ಯೆ 1951ರ ಹೊತ್ತಿಗೆ ಎಂಟು ಲಕ್ಷದ ಸಮೀಪಕ್ಕೇರಿತು. ಮನೆಗಳು ಆ ವೇಗದಲ್ಲಿ ಏಳಲಿಲ್ಲ. 1951ರಲ್ಲೊಂದು, 1961ರಲ್ಲಿ ಮತ್ತೊಂದು ಬಾಡಿಗೆ ನಿಯಂತ್ರಣ ಶಾಸನ ಬಂದು, ಮನೆ ತೆರವಾದೊಡನೆ ಮಾಲೀಕನು ನಿಯಂತ್ರಣಾಧಿಕಾರಿಗೆ ತಿಳಿಸಬೇಕೆಂದೂ ಸಕಾರಣವಿಲ್ಲದೆ ಬಾಡಿಗೆದಾರನನ್ನು ಎಬ್ಬಿಸಕೂಡದೆಂದೂ ವಿಧಿಸಿದುವು. ಒಳಗಿದ್ದವನಿಗೆ ಅದು ಅಭಯವಾಯಿತು. ಹೊರಗೆ ಹಲಗೆ ಹುಡುಕುತ್ತಿದ್ದವನಿಗೆ ಅದೇ ಅಡ್ಡಗೋಡೆಯಾಯಿತು. ಬಿಡಿಸಿಕೊಳ್ಳಲಾಗದ ಮನೆಯನ್ನು ಕೊಡುವುದಕ್ಕಿಂತ ಬೀಗ ಹಾಕಿಡುವುದೇ ಲೇಸೆಂದು ಬಗೆದ ಮಾಲೀಕರು, ಆ ಬಾಡಿಗೆ ನಿಯಂತ್ರಣ ಶಾಸನದಡಿ ತಂದೆ ಹೂಡಿದ ಎಚ್‌ಆರ್‌ಸಿ ಕೇಸನ್ನು ಮಗನು ನಡೆಸಿದ ಮನೆತನಗಳು ಹಳೆಯ ಬಡಾವಣೆಗಳಲ್ಲಿ ವಿರಳವಲ್ಲ. ಬಾಡಿಗೆ ಏರದ ಕಟ್ಟಡಕ್ಕೆ ಸುಣ್ಣವೂ ಕಾಣಲಿಲ್ಲ, ಒಡೆದ ಹೆಂಚೂ ಬದಲಾಗಲಿಲ್ಲ.

ಭಯದಿಂದ ಹುಟ್ಟಿದ ಉಪಾಯಗಳೇ ಮುಂದೆ ನಗರದ ಪದ್ಧತಿಗಳಾದುವು. ಹತ್ತು ತಿಂಗಳ ಬಾಡಿಗೆಯನ್ನು ಒಮ್ಮೆಲೇ ಕೇಳುವ ಅಡ್ವಾನ್ಸು. ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕೆಂಬ 1908ರ ಕಾಯಿದೆಯಿಂದ ತಪ್ಪಿಸಿಕೊಳ್ಳಲು ಹನ್ನೊಂದು ತಿಂಗಳ ಕರಾರು. ಇನ್ನು ಮೊದಲಿನಿಂದಲೂ ಇದ್ದ ಭೋಗ್ಯ, ದೊಡ್ಡ ಮೊತ್ತವನ್ನು ಮಾಲೀಕನ ಕೈಯಲ್ಲಿಟ್ಟು ಬಾಡಿಗೆಯಿಲ್ಲದೆ ಮೂರು ವರ್ಷ ವಾಸಮಾಡಿ, ಬಿಡುವಾಗ ಹಣವನ್ನು ಮರಳಿ ಪಡೆಯುವುದು. ಮಗಳ ಮದುವೆಗೆಂದು ಕೂಡಿಟ್ಟದ್ದನ್ನು ಭೋಗ್ಯಕ್ಕಿಟ್ಟು, ಮುಹೂರ್ತ ಸಮೀಪಿಸಿದಾಗ ಮಾಲೀಕನ ಬಾಗಿಲಲ್ಲಿ ಕಾದು ನಿಂತ ಸಂಸಾರಗಳು ಎಷ್ಟೋ.

1999ರಲ್ಲಿ ರಚಿತವಾಗಿ 2001ರ ಕೊನೆಯ ದಿನ ಜಾರಿಗೆ ಬಂದ ಹೊಸ ಬಾಡಿಗೆ ಕಾಯಿದೆ, ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಬಾಡಿಗೆಗಳು ಆ ಮೇರೆಯನ್ನು ದಾಟಿಹೋದುವು; ನೆಲದ ಬೆಲೆ ಏರಿ, ಮಲ್ಲೇಶ್ವರ, ಚಾಮರಾಜಪೇಟೆಗಳ ವಠಾರಗಳು ಒಂದೊಂದಾಗಿ ಉರುಳಿ ಬಹುಮಹಡಿ ಕಟ್ಟಡಗಳಿಗೆ ಎಡೆಕೊಟ್ಟುವು. ಆದರೆ ಆ ಮಾದರಿ ಅಳಿಯಲಿಲ್ಲ. ಪೀಣ್ಯದ ಸುತ್ತಮುತ್ತ, ಲಗ್ಗೆರೆ, ಹೆಗ್ಗನಹಳ್ಳಿಗಳಲ್ಲಿ ಶೀಟು ಹೊದಿಸಿದ ಒಂಟಿ ಕೋಣೆಗಳ ಸಾಲುಗಳಿವೆ. ಗಾರ್ಮೆಂಟ್ಸಿನಲ್ಲಿ ದಿನವಿಡೀ ಹೊಲಿಗೆಯಂತ್ರದ ಮುಂದೆ ಕುಳಿತು ಬರುವ ಹೆಣ್ಣುಮಕ್ಕಳು ಅಲ್ಲಿಯೂ ಒಂದೇ ನಲ್ಲಿಯ ಮುಂದೆ, ಹಿತ್ತಾಳೆಯ ಬದಲು ಪ್ಲಾಸ್ಟಿಕ್ಕಿನ ಬಿಂದಿಗೆಗಳನ್ನು ಸಾಲಿಡುತ್ತಾರೆ. ಅವರಲ್ಲಿ ಅನೇಕರ ಕರಾರು ಬಾಯಿಮಾತಿನದು. ಕೊಟ್ಟ ಅಡ್ವಾನ್ಸಿಗೆ ಚೀಟಿಯೂ ಇಲ್ಲದ ಕಾರಣ, ಮಾಲೀಕನು ನಾಳೆ ಏಳೆಂದರೆ ನ್ಯಾಯಾಲಯದ ಮುಂದಿಡಲು ಅವರ ಕೈಯಲ್ಲಿ ಒಂದು ಕಾಗದವಿರುವುದಿಲ್ಲ.