ಕೆನಡಿ ಎಂಬ ಕುಲನಾಮ: ಐರ್ಲೆಂಡಿನಿಂದ ಅಮೆರಿಕದವರೆಗೆ

ಮನುಷ್ಯನಿಗೆ ಹುಟ್ಟಿನೊಡನೆ ಬರುವ ಸ್ವತ್ತುಗಳಲ್ಲಿ ಕುಲನಾಮವೂ ಒಂದು. ಹೊಲಮನೆಗಳನ್ನು ಅರಸರು ಕಸಿದುಕೊಂಡಾರು, ಪೂರ್ವಜರ ಭಾಷೆ ಕಾಲಕ್ರಮದಲ್ಲಿ ಮರೆತುಹೋದೀತು. ಎಲ್ಲವನ್ನೂ ಕಳೆದುಕೊಂಡು ಕಡಲು ದಾಟಿದವನ ಜೊತೆಗೆ ಹೋಗುವುದು ಅವನ ಹೆಸರೊಂದೇ. ಆದರೆ ಹೆಸರು ಕೂಡ ತಾನಾಗಿಯೇ ಉಳಿಯುವಂಥದಲ್ಲ. ಅದನ್ನು ಯಾರಾದರೂ ಬರೆದಿಡಬೇಕು. ಐರ್ಲೆಂಡಿನ ಬಡ ಕಥೋಲಿಕರ ಪಾಲಿಗೆ ಆ ಕೆಲಸವನ್ನು ಮಾಡಿದುದು ಅವರವರ ಊರಿನ ಧರ್ಮಕೇಂದ್ರ. ಲೋಕಪ್ರಸಿದ್ಧವಾದ 'ಕೆನಡಿ' ಎಂಬ ಕುಲನಾಮದ ಚರಿತ್ರೆಯನ್ನು ಅವಲೋಕಿಸಿದಾಗ ಈ ಸತ್ಯವು ಸ್ಪಷ್ಟವಾಗುತ್ತದೆ.

ಯುರೋಪಿನಲ್ಲಿ ವಂಶಪಾರಂಪರ್ಯವಾದ ಕುಲನಾಮಗಳು ಮೊದಮೊದಲು ರೂಢಿಗೆ ಬಂದ ನಾಡುಗಳಲ್ಲಿ ಐರ್ಲೆಂಡ್ ಒಂದು. ಹತ್ತು ಮತ್ತು ಹನ್ನೊಂದನೆಯ ಶತಮಾನಗಳಲ್ಲಿಯೇ ಅಲ್ಲಿ ಈ ಪದ್ಧತಿ ನೆಲೆಗೊಂಡಿತು. ಐರಿಷ್ ಭಾಷೆಯಲ್ಲಿ 'ಮ್ಯಾಕ್' ಎಂದರೆ ಮಗ. 'ಓ' ಎಂದರೆ ಮೊಮ್ಮಗ ಅಥವಾ ವಂಶಜ. ಇಂದು ಕೆನಡಿ ಎಂದು ಕರೆಯಲ್ಪಡುವ ಹೆಸರಿನ ಮೂಲರೂಪ 'ಓ ಕಿನ್ನೇದಿ', ಅರ್ಥಾತ್ ಕಿನ್ನೇದಿ ಎಂಬಾತನ ವಂಶಜ. ಆ ಪದದ ಮೊದಲ ಭಾಗಕ್ಕೆ 'ತಲೆ' ಎಂಬ ಅರ್ಥವಿದೆ. ಎರಡನೆಯ ಭಾಗವನ್ನು ಕೆಲವರು 'ಶಿರಸ್ತ್ರಾಣ ಧರಿಸಿದ' ಎಂದೂ ಮತ್ತೆ ಕೆಲವರು 'ಕುರೂಪವಾದ' ಎಂದೂ ವ್ಯಾಖ್ಯಾನಿಸುತ್ತಾರೆ. ೧೯೬೧ರಲ್ಲಿ ಐರ್ಲೆಂಡಿನ ರಾಜಲಾಂಛನಾಧಿಕಾರಿಯು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರಿಗೆ ಕುಲಲಾಂಛನವನ್ನು ದಯಪಾಲಿಸಿದಾಗ, ಅದರಲ್ಲಿ ಮೂರು ಚಿನ್ನದ ಶಿರಸ್ತ್ರಾಣಗಳನ್ನು ಚಿತ್ರಿಸಿದುದು ಈ ಹಿನ್ನೆಲೆಯಿಂದಲೇ.

ಈ ಮನೆತನದ ಬೇರು ಐರ್ಲೆಂಡಿನ ಮಹಾರಾಜನಾದ ಬ್ರಯನ್ ಬೋರುವಿನ ವಂಶದಲ್ಲಿದೆ. ಬ್ರಯನನ ತಂದೆಯ ಹೆಸರೂ ಕಿನ್ನೇದಿ. ಆತ ೯೫೧ರಲ್ಲಿ ತೀರಿಕೊಂಡನು. ಬ್ರಯನನು ೧೦೧೪ರ ಶುಭ ಶುಕ್ರವಾರದಂದು ಕ್ಲಾಂಟಾರ್ಫ್ ಕದನದಲ್ಲಿ ಮಡಿದನು. ಅವನ ಸೋದರನ ಮಗನಿಗೆ ತಾತನ ಹೆಸರನ್ನೇ ಇಡಲಾಗಿತ್ತು. ಈ ಕಿರಿಯ ಕಿನ್ನೇದಿಯ ಸಂತತಿಯೇ ಓ ಕಿನ್ನೇದಿಗಳು. ಅವರ ಮೊದಲ ನೆಲೆ ಇಂದಿನ ಕ್ಲೇರ್ ಜಿಲ್ಲೆಯ ಪೂರ್ವಭಾಗ. ಅಲ್ಲಿ ಕಿಲ್ಲೊಕೆನಡಿ ಎಂಬ ಧರ್ಮಕೇಂದ್ರವೊಂದಿದೆ. 'ಕಿಲ್' ಎಂದರೆ ದೇವಾಲಯ. ಊರಿನ ಹೆಸರಿಗೆ 'ಓ ಕಿನ್ನೇದಿಗಳ ದೇವಾಲಯ' ಎಂದೇ ಅರ್ಥ. ನೆರೆಯ ಓಬ್ರಯನ್ ಮತ್ತು ಮ್ಯಾಕ್‌ನಮಾರ ಮನೆತನಗಳ ಒತ್ತಡವನ್ನು ತಾಳಲಾರದೆ ಇವರು ಶಾನನ್ ನದಿಯನ್ನು ದಾಟಿ, ಉತ್ತರ ಟಿಪ್ಪರರಿಯ ಆರ್ಮಂಡ್ ಸೀಮೆಯಲ್ಲಿ ನೆಲೆಸಿದರು. ಈ ಕುಲದ ಮೊದಲ ವಲಸೆ ಇದೇ. ಮುಂದೆ ಹದಿನಾರನೆಯ ಶತಮಾನದವರೆಗೂ ಅವರು ಆರ್ಮಂಡಿನ ಒಡೆಯರಾಗಿ ಬಾಳಿದರು.

ಆ ವೈಭವದ ದಿನಗಳ ಅಮೂಲ್ಯ ಕುರುಹೊಂದು ಇಂದಿಗೂ ಉಳಿದಿದೆ. ಕ್ರಿ.ಶ. ೮೦೦ರ ಸುಮಾರಿಗೆ ಲತೀನ್ ಭಾಷೆಯಲ್ಲಿ ಬರೆಯಲ್ಪಟ್ಟ 'ಸ್ಟೋ ಮಿಸ್ಸಲ್' ಎಂಬ ಬಲಿಪೂಜಾ ಗ್ರಂಥವು ಟಿಪ್ಪರರಿಯ ಲೊರ್ರಾ ಮಠದಲ್ಲಿ ಸುರಕ್ಷಿತವಾಗಿತ್ತು. ಅದನ್ನು ಇರಿಸುವ ಲೋಹದ ಸಂಪುಟವನ್ನು ೧೩೭೫ರ ಸುಮಾರಿಗೆ ಆರ್ಮಂಡಿನ ಒಡೆಯ ಫಿಲಿಪ್ ಓ ಕಿನ್ನೇದಿಯು ನವೀಕರಿಸಿದನು. ತನಗಾಗಿ, ತನ್ನ ಪತ್ನಿಗಾಗಿ ಪ್ರಾರ್ಥಿಸಬೇಕೆಂಬ ಕೋರಿಕೆಯನ್ನು ಅದರ ಮೇಲೆ ಕೆತ್ತಿಸಿದನು. ಮುಂದೆ ದುರ್ದಿನಗಳು ಬಂದಾಗ ಆ ಗ್ರಂಥವು ಕಣ್ಮರೆಯಾಯಿತು. ಹದಿನೆಂಟನೆಯ ಶತಮಾನದಲ್ಲಿ ಅದು ಓ ಕಿನ್ನೇದಿಗಳ ಲಕೀನ್ ಕೋಟೆಯ ಗೋಡೆಯೊಳಗೆ ಪತ್ತೆಯಾಯಿತು. ಕೋಟೆಯು ಪಾಳುಬಿದ್ದಿತು, ಒಡೆತನ ಅಳಿಯಿತು; ಪೂಜಾಗ್ರಂಥದ ಸಂಪುಟದ ಮೇಲಿನ ಹೆಸರು ಮಾತ್ರ ಅಳಿಯಲಿಲ್ಲ.

ದುರ್ದಿನಗಳೆಂದರೆ ಸಾಮಾನ್ಯವಾದುವಲ್ಲ. ೧೬೪೯ರಲ್ಲಿ ಇಂಗ್ಲೆಂಡಿನ ಕ್ರಾಮ್‌ವೆಲ್ ಸೈನ್ಯಸಮೇತನಾಗಿ ಐರ್ಲೆಂಡಿಗೆ ಬಂದನು. ೧೬೫೨ರ ಶಾಸನದ ಬಲದಿಂದ ಕಥೋಲಿಕ ಒಡೆಯರ ಭೂಮಿಯನ್ನು ಮುಟ್ಟುಗೋಲು ಹಾಕಿಕೊಳ್ಳಲಾಯಿತು. ೧೬೪೧ರಲ್ಲಿ ಐರ್ಲೆಂಡಿನ ಭೂಮಿಯಲ್ಲಿ ಸುಮಾರು ನೂರಕ್ಕೆ ೬೦ರಷ್ಟು ಕಥೋಲಿಕರ ಒಡೆತನದಲ್ಲಿತ್ತು. ೧೭೦೩ರ ವೇಳೆಗೆ ಅದು ಸುಮಾರು ೧೪ಕ್ಕೆ ಇಳಿಯಿತು. ಅದರ ಬೆನ್ನಲ್ಲೇ ಬಂದ ದಂಡನಾ ಶಾಸನಗಳು ಧರ್ಮಾಧ್ಯಕ್ಷರನ್ನು ದೇಶದಿಂದ ಗಡೀಪಾರು ಮಾಡಿದುವು. ಕಥೋಲಿಕರು ಹೊಲ ಕೊಳ್ಳುವುದನ್ನೂ, ೩೧ ವರ್ಷಗಳಿಗೆ ಮೀರಿದ ಗೇಣಿ ಪಡೆಯುವುದನ್ನೂ ನಿಷೇಧಿಸಿದುವು. ಬಯಲಿನ ಬಂಡೆಗಳನ್ನೇ ಪೀಠವಾಗಿಸಿಕೊಂಡು ಗುರುಗಳು ಬಲಿಪೂಜೆಯನ್ನು ಅರ್ಪಿಸಬೇಕಾಯಿತು. ಇಂಗ್ಲಿಷರ ಆಳ್ವಿಕೆಯಲ್ಲಿ ಐರಿಷ್ ಹೆಸರುಗಳೂ ರೂಪ ಬದಲಾಯಿಸಿದುವು. ಅಸಂಖ್ಯ ಕುಟುಂಬಗಳು ಕುಲನಾಮದ ಮುಂದಿನ 'ಓ' ಅಕ್ಷರವನ್ನು ಕೈಬಿಟ್ಟುವು. ಓ ಕಿನ್ನೇದಿಯು ಕೆನಡಿಯಾದುದು ಹೀಗೆ. ಒಡೆಯರಾಗಿದ್ದವರು ಗೇಣಿದಾರರಾದರು. ಕುಲವು ಐರ್ಲೆಂಡಿನ ಇತರ ಜಿಲ್ಲೆಗಳಿಗೂ ಹರಡಿತು.

ಹೀಗೆ ಆಗ್ನೇಯ ದಿಕ್ಕಿನ ವೆಕ್ಸ್‌ಫರ್ಡ್ ಜಿಲ್ಲೆಯಲ್ಲಿ, ನ್ಯೂ ರಾಸ್ ಬಂದರಿನ ಸಮೀಪದ ಡಂಗನ್ಸ್‌ಟೌನ್ ಎಂಬಲ್ಲಿ ಬೇಸಾಯ ಮಾಡಿಕೊಂಡಿದ್ದ ಕೆನಡಿಗಳ ಮನೆಯಲ್ಲಿ ಪ್ಯಾಟ್ರಿಕ್ ಕೆನಡಿ ಹುಟ್ಟಿದನು. ೧೮೪೫ರಲ್ಲಿ ಐರ್ಲೆಂಡಿನ ಆಲೂಗೆಡ್ಡೆ ಬೆಳೆಗೆ ಕೊಳೆರೋಗ ತಗಲಿತು. ಬಡವರಿಗೆ ಆಲೂಗೆಡ್ಡೆಯೇ ಅನ್ನವಾಗಿದ್ದ ನಾಡಿನಲ್ಲಿ ವರ್ಷದ ಮೇಲೆ ವರ್ಷ ಬೆಳೆ ನಾಶವಾಯಿತು. ಹಸಿವು ಮತ್ತು ಜ್ವರಗಳಿಂದ ಸುಮಾರು ೧೦ ಲಕ್ಷ ಜನ ಸತ್ತರು. ಅಷ್ಟೇ ಮಂದಿ ದೇಶಾಂತರ ಹೋದರು. ೧೮೪೧ರಲ್ಲಿ ೮೧ ಲಕ್ಷ ೭೫ ಸಾವಿರವಿದ್ದ ಜನಸಂಖ್ಯೆಯು ೧೮೫೧ರಲ್ಲಿ ೬೫ ಲಕ್ಷ ೫೨ ಸಾವಿರಕ್ಕೆ ಕುಸಿಯಿತು. ವಲಸೆಗಾರರು ತುಂಬಿದ ಹಡಗುಗಳಲ್ಲಿ ಮಾರ್ಗಮಧ್ಯದಲ್ಲೇ ಪ್ರಾಣಬಿಟ್ಟವರು ಅಸಂಖ್ಯರಾದುದರಿಂದ ಅವುಗಳಿಗೆ 'ಶವಪೆಟ್ಟಿಗೆಯ ಹಡಗು'ಗಳೆಂಬ ಹೆಸರೇ ಬಂದಿತು. ಪ್ಯಾಟ್ರಿಕ್ ಊರು ಬಿಟ್ಟುದು ಈ ಕ್ಷಾಮದ ಕಾಲದಲ್ಲಿಯೇ, ೧೮೪೮ರ ಸುಮಾರಿಗೆ.

ಅವನು ಸೇರಿದ ಬಾಸ್ಟನ್ ನಗರವು ಐರಿಷರನ್ನು ಪ್ರೀತಿಯಿಂದ ಬರಮಾಡಿಕೊಳ್ಳಲಿಲ್ಲ. ಅದರ ನೆರೆಯ ಚಾರ್ಲ್ಸ್‌ಟೌನಿನಲ್ಲಿದ್ದ ಉರ್ಸುಲೈನ್ ಕನ್ಯಾಮಠವನ್ನು ೧೮೩೪ರಲ್ಲಿ ಉದ್ರಿಕ್ತ ಗುಂಪೊಂದು ಸುಟ್ಟುಹಾಕಿತ್ತು. ೧೮೫೪ರಲ್ಲಿ ಕಥೋಲಿಕ ವಲಸೆಗಾರರನ್ನು ವಿರೋಧಿಸುವ ಪಕ್ಷವೇ ಆ ರಾಜ್ಯದ ಚುನಾವಣೆಯನ್ನು ಗೆದ್ದಿತು. ಪ್ಯಾಟ್ರಿಕ್ ಮರದ ಪೀಪಾಯಿಗಳನ್ನು ಮಾಡುವ ಕಸುಬಿನಿಂದ ಜೀವನ ಸಾಗಿಸಿದನು. ೧೮೪೯ರ ಸೆಪ್ಟೆಂಬರಿನಲ್ಲಿ ತನ್ನ ಜಿಲ್ಲೆಯವಳೇ ಆದ ಬ್ರಿಜೆಟ್ ಮರ್ಫಿಯನ್ನು ಬಾಸ್ಟನ್ನಿನಲ್ಲಿ ವಿವಾಹವಾದನು. ೧೮೫೮ರ ನವೆಂಬರ್ ೨೨ರಂದು ಪ್ಯಾಟ್ರಿಕ್ ತೀರಿಕೊಂಡಾಗ ಕಿರಿಯ ಮಗನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ವಿಧವೆ ಬ್ರಿಜೆಟ್ ಕೂಲಿ ಮಾಡಿ, ಬಳಿಕ ಚಿಕ್ಕದೊಂದು ಅಂಗಡಿಯನ್ನಿಟ್ಟು ಮಕ್ಕಳನ್ನು ಸಾಕಿದಳು. ಆ ಹಸುಗೂಸೇ ಬೆಳೆದು, ಬಂದರಿನಲ್ಲಿ ದುಡಿದು, ವ್ಯಾಪಾರದಲ್ಲಿ ಏಳಿಗೆ ಹೊಂದಿ, ೧೮೮೪ರಲ್ಲಿ ರಾಜ್ಯದ ಶಾಸನಸಭೆಗೆ ಚುನಾಯಿತನಾದನು. ಅವನ ಮಗ ಜೋಸೆಫ್ ೧೯೩೮ರಲ್ಲಿ ಇಂಗ್ಲೆಂಡಿಗೆ ಅಮೆರಿಕದ ರಾಯಭಾರಿಯಾಗಿ ಹೋದರು. ಜೋಸೆಫರ ಮಗ ಜಾನ್ ೧೯೬೧ರ ಜನವರಿ ೨೦ರಂದು ಅಮೆರಿಕದ ಪ್ರಥಮ ಕಥೋಲಿಕ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದರು.

೧೯೬೩ರ ಜೂನ್ ೨೭ರಂದು ಅಧ್ಯಕ್ಷ ಕೆನಡಿಯವರು ಮುತ್ತಜ್ಜನ ಡಂಗನ್ಸ್‌ಟೌನಿಗೆ ಭೇಟಿಯಿತ್ತು, ಅಲ್ಲಿಯೇ ಬೇಸಾಯ ಮಾಡಿಕೊಂಡಿದ್ದ ಬಂಧುಗಳ ಮನೆಯಂಗಳದಲ್ಲಿ ಚಹಾ ಸೇವಿಸಿದರು. ಐದು ತಿಂಗಳೊಳಗಾಗಿ, ಅದೇ ವರ್ಷದ ನವೆಂಬರ್ ೨೨ರಂದು ಅವರು ಗುಂಡಿಗೆ ಬಲಿಯಾದರು. ಮುತ್ತಜ್ಜ ಪ್ಯಾಟ್ರಿಕ್ ತೀರಿಕೊಂಡು ಅಂದಿಗೆ ಸರಿಯಾಗಿ ೧೦೫ ವರ್ಷಗಳಾಗಿದ್ದುವು.

ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಈ ಹೆಸರಿನವರೆಲ್ಲರೂ ಒಂದೇ ವಂಶದವರಲ್ಲ. ಸ್ಕಾಟ್ಲೆಂಡಿನ ನೈಋತ್ಯಭಾಗದಲ್ಲಿ ಬೇರೆಯೇ ಒಂದು ಕೆನಡಿ ಮನೆತನ ಪ್ರಸಿದ್ಧವಾಗಿತ್ತು. ಉತ್ತರ ಐರ್ಲೆಂಡಿನ ಅನೇಕ ಕೆನಡಿಗಳು ಅಲ್ಲಿಂದ ಬಂದವರು. ಹಾಗಾದರೆ ಒಬ್ಬ ಸಾಮಾನ್ಯ ಕೆನಡಿಯು ತನ್ನ ಪೂರ್ವಜರನ್ನು ಅರಿಯುವುದು ಹೇಗೆ? ಅವನ ಅಜ್ಜ ಅಧ್ಯಕ್ಷನೂ ಅಲ್ಲ, ಆರ್ಮಂಡಿನ ಒಡೆಯನೂ ಅಲ್ಲ. ಐರ್ಲೆಂಡಿನಲ್ಲಿ ಕಥೋಲಿಕರ ಜನನ ಮರಣಗಳನ್ನು ಸರಕಾರವು ದಾಖಲಿಸತೊಡಗಿದುದು ೧೮೬೪ರಲ್ಲಿ. ಅಷ್ಟರಲ್ಲಿ ಕ್ಷಾಮ ಮುಗಿದು, ಲಕ್ಷಾಂತರ ಜನ ಕಡಲು ದಾಟಿಯಾಗಿತ್ತು. ೧೮೨೧ರಿಂದ ೧೮೫೧ರವರೆಗಿನ ಜನಗಣತಿಯ ಹಾಳೆಗಳು ಡಬ್ಲಿನ್ನಿನ ಸರಕಾರಿ ದಾಖಲೆ ಭವನದಲ್ಲಿದ್ದುವು. ೧೯೨೨ರ ಜೂನ್ ೩೦ರಂದು, ಅಂತರ್ಯುದ್ಧದ ವೇಳೆ, ಆ ಭವನವು ಸ್ಫೋಟಕ್ಕೂ ಬೆಂಕಿಗೂ ತುತ್ತಾಗಿ, ಆ ಹಾಳೆಗಳು ಬಹುಪಾಲು ಬೂದಿಯಾದುವು. ರಾಜ್ಯಾಶ್ರಯದಲ್ಲಿದ್ದ ಪ್ರೊಟೆಸ್ಟೆಂಟ್ ಧರ್ಮಸಭೆಯ ಪುಸ್ತಕಗಳು ಸರಕಾರಿ ದಾಖಲೆಗಳೆಂದು ಪರಿಗಣಿತವಾಗಿ ಅಲ್ಲಿಗೆ ಸೇರಿದ್ದುದರಿಂದ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ ಬೆಂಕಿಯಲ್ಲಿ ನಾಶವಾದುವು. ಕಥೋಲಿಕರ ಪುಸ್ತಕಗಳನ್ನು ಸರಕಾರವು ಎಂದೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹಾಗಾಗಿ ಅವು ಹಳ್ಳಿಗಳ ದೇವಾಲಯಗಳಲ್ಲಿಯೇ ಉಳಿದುವು. ಯಾವ ಉಪೇಕ್ಷೆಯು ಅವಮಾನವಾಗಿ ತೋರಿತ್ತೋ ಅದೇ ಅವುಗಳಿಗೆ ರಕ್ಷೆಯಾಯಿತು!

ಆ ಪುಸ್ತಕಗಳಲ್ಲಿ ಗುರುಗಳು ಲತೀನಿನಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಬರೆದುದು ಒಂದೆರಡು ಸಾಲು ಮಾತ್ರ: ಮಗುವಿನ ಹೆಸರು, ದೀಕ್ಷಾಸ್ನಾನದ ದಿನ, ತಂದೆ ತಾಯಿ, ಜ್ಞಾನಪಿತ ಜ್ಞಾನಮಾತೆಯರು. ಸಾಮಾನ್ಯವಾಗಿ ತಾಯಿಯ ತವರಿನ ಕುಲನಾಮವನ್ನೂ ಅವರು ದಾಖಲಿಸಿದರು. ದಂಡನಾ ಶಾಸನಗಳ ಕಾರಣದಿಂದಲೂ ಬಡತನದಿಂದಲೂ ಎಷ್ಟೋ ಊರುಗಳಲ್ಲಿ ಈ ಪುಸ್ತಕಗಳು ಹತ್ತೊಂಬತ್ತನೆಯ ಶತಮಾನದಲ್ಲಿಯಷ್ಟೇ ಆರಂಭವಾಗುತ್ತವೆ; ಎಷ್ಟೋ ಪುಟಗಳು ತೇವದಿಂದ ಮಾಸಿವೆ. ಆದರೂ ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಿಂದ ಪೂರ್ವಜರನ್ನು ಅರಸಿಕೊಂಡು ಬರುವ ಐರಿಷ್ ಸಂತತಿಗೆ ಅವೇ ಆಧಾರ. ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು ಸಾವಿರಕ್ಕೂ ಮಿಕ್ಕ ಧರ್ಮಕೇಂದ್ರಗಳ ಈ ಪುಟಗಳ ಛಾಯಾಚಿತ್ರಗಳನ್ನು ೨೦೧೫ರ ಜುಲೈಯಲ್ಲಿ ಅಂತರ್ಜಾಲದ ಮೂಲಕ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು.

ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ವಿಶ್ವಾಸಿಗಳಾದ ನಾವು ಈ ಚರಿತ್ರೆಯನ್ನು ಮನನ ಮಾಡುವುದು ಯುಕ್ತ. ಗೋಪುರ, ಗಂಟೆ, ಪೀಠಗಳು ದೇವಾಲಯದ ಸಂಪತ್ತೆಂಬುದನ್ನು ನಾವೆಲ್ಲರೂ ಬಲ್ಲೆವು. ಕಪಾಟಿನಲ್ಲಿರುವ ದೀಕ್ಷಾಸ್ನಾನದ ಹಳೆಯ ಪುಸ್ತಕವೂ ಅಂಥದೇ ಸಂಪತ್ತು. ಮುಂದಿನ ಸಲ ಮಗುವೊಂದನ್ನು ದೀಕ್ಷಾಸ್ನಾನಕ್ಕೆ ಕರೆತಂದಾಗ ಅದರ ಹೆಸರನ್ನೂ, ತಾಯಿಯ ತವರಿನ ಹೆಸರನ್ನೂ, ಊರನ್ನೂ ತಪ್ಪಿಲ್ಲದೆ ಬರೆಯಿಸೋಣ. ನೂರು ವರ್ಷಗಳ ಬಳಿಕ ಯಾವುದೋ ದೂರದೇಶದಿಂದ ಬಂದ ಮರಿಮಗನೊಬ್ಬನು ಆ ಪುಟವನ್ನು ತೆರೆದಾನು; ಅವನಿಗೆ ತನ್ನವರ ಗುರುತು ಸಿಗುವುದು ಆ ಎರಡು ಸಾಲುಗಳಿಂದಲೇ.