ಮಂಡಿಗೆ ಹಾಕುವ ಸೂಜಿಯ ಹಿಂದಿನ ಕಥೆ

ವರದಿಗೆಂದು ಹಳ್ಳಿಗಳಿಗೆ ಹೋದಾಗ ನಾವು ಆಗಾಗ ಕೇಳುವ ಮಾತು: "ಮಂಡಿಗೆ ಒಂದು ಸೂಜಿ ಹಾಕಿಸಿದೆ, ನೋವೇ ಹೋಯ್ತು." ಕೆಲವು ತಿಂಗಳು ಬಿಟ್ಟು ಹೋದರೆ ಅವರೇ ಜಗಲಿ ಮೇಲೆ ಮಂಡಿ ನೀವಿಕೊಳ್ಳುತ್ತಾ ಕೂತಿರುತ್ತಾರೆ. ಹೀಗೇಕೆ? ಉತ್ತರ ಆ ಸೂಜಿಯ ಚರಿತ್ರೆಯಲ್ಲೇ ಇದೆ.

ಅಮೆರಿಕದ ಮೇಯೊ ಕ್ಲಿನಿಕ್‌ನ ಡಾ. ಫಿಲಿಪ್ ಹೆಂಚ್ ಒಂದು ವಿಚಿತ್ರ ಗಮನಿಸಿದ್ದರು. ಸಂಧಿವಾತದವರಿಗೆ ಕಾಮಾಲೆ ಬಂದರೆ, ಹೆಂಗಸರು ಬಸುರಿಯಾದರೆ, ಕೀಲುನೋವು ಇಳಿಯುತ್ತಿತ್ತು. ಹಾಗಾದರೆ ನೋವು ತಗ್ಗಿಸುವ ವಸ್ತು ದೇಹದೊಳಗೇ ಇರಬೇಕು ಎಂದು ಅವರು ಊಹಿಸಿದರು. ಅಲ್ಲಿಯೇ ಇದ್ದ ಎಡ್ವರ್ಡ್ ಕೆಂಡಾಲ್, ಮೂತ್ರಪಿಂಡದ ಮೇಲಿರುವ ಪುಟ್ಟ ಗ್ರಂಥಿಯ ರಸಗಳನ್ನು ಬೇರ್ಪಡಿಸುತ್ತಿದ್ದರು. ಅದರಲ್ಲೊಂದು ಕಾರ್ಟಿಸೋನ್. ಮರ್ಕ್ ಕಂಪನಿ ಅದನ್ನು ದನದ ಪಿತ್ತರಸದಿಂದ ತಯಾರಿಸಿಕೊಟ್ಟಿತು.

1948ರ ಸೆಪ್ಟೆಂಬರ್ 21ರಂದು, ಓಡಾಡಲು ಒದ್ದಾಡುತ್ತಿದ್ದ 29 ವರ್ಷದ ಹೆಣ್ಣುಮಗಳಿಗೆ ಅದರ ಮೊದಲ ಸೂಜಿ ಬಿತ್ತು. ದಿನಾ ಸೂಜಿ ಕೊಟ್ಟರು. ವಾರದಲ್ಲಿ ಆಕೆ ಪೇಟೆ ಸುತ್ತಿ ಬಂದರು! 1950ರಲ್ಲಿ ಹೆಂಚ್, ಕೆಂಡಾಲ್ ಮತ್ತು ಸ್ವಿಟ್ಜರ್ಲೆಂಡಿನ ಟಾಡೆಯಸ್ ರೈಕ್‌ಸ್ಟೈನ್‌ಗೆ ನೊಬೆಲ್ ಸಿಕ್ಕಿತು.

ಆದರೆ ಔಷಧ ನಿಲ್ಲಿಸಿದರೆ ನೋವು ಮರಳುತ್ತಿತ್ತು. ಹೆಚ್ಚು ದಿನ ಕೊಟ್ಟರೆ ಮುಖ ಊದುತ್ತಿತ್ತು, ಮೂಳೆ ಸವೆಯುತ್ತಿತ್ತು. ಅದಕ್ಕೇ 1951ರಲ್ಲಿ ಫಿಲಡೆಲ್ಫಿಯಾದ ಡಾ. ಜೋಸೆಫ್ ಹಾಲಾಂಡರ್ ಬೇರೆ ದಾರಿ ತೋರಿಸಿದರು. ಮೈಗೆಲ್ಲ ಔಷಧ ಹರಡುವುದೇಕೆ, ನೋಯುವ ಕೀಲಿನೊಳಗೇ ಸ್ವಲ್ಪ ಹಾಕಿದರಾಯಿತು. ಇಂದಿನ ಮಂಡಿ ಸೂಜಿ ಬೆಳೆದದ್ದು ಇಲ್ಲಿಂದ.

ಅದು ಊತ ಇಳಿಸುತ್ತದೆ. ಸವೆದ ಮಂಡಿಯನ್ನು ಹೊಸದು ಮಾಡುವುದಿಲ್ಲ. ಸಾಮಾನ್ಯವಾಗಿ ಆರಾಮ ಸಿಗುವುದು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಅಮೆರಿಕದಲ್ಲಿ ಮಂಡಿ ಸವೆದ 140 ಜನರ ಮೇಲೆ ಒಂದು ಅಧ್ಯಯನ ನಡೆಯಿತು. ಅರ್ಧ ಜನಕ್ಕೆ ಸ್ಟೀರಾಯ್ಡ್, ಉಳಿದವರಿಗೆ ಬರೀ ಉಪ್ಪುನೀರು, ಮೂರು ತಿಂಗಳಿಗೊಮ್ಮೆ, ಎರಡು ವರ್ಷ. 2017ರಲ್ಲಿ ಫಲಿತಾಂಶ ಬಂತು: ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ಸ್ಟೀರಾಯ್ಡ್ ಪಡೆದವರ ಮೆದುಮೂಳೆ ಮಾತ್ರ ಹೆಚ್ಚು ಸವೆದಿತ್ತು.

ಹಾಗೆಂದು ಹೆದರಿ ಸೂಜಿಯೇ ಬೇಡ ಎನ್ನಬೇಕಿಲ್ಲ. ತಿಳಿದ ವೈದ್ಯರು, ಶುಚಿಯಾದ ಜಾಗ, ಸರಿಯಾದ ಅಂತರ ಇದ್ದರೆ ಅದು ಉಪಕಾರಿಯೇ. ಆದರೆ ಸೂಜಿಗೆ ಮುಂಚೆ ಕೇಳಿ: ಇದರಲ್ಲಿ ಯಾವ ಔಷಧ ಇದೆ? ಸ್ಟೀರಾಯ್ಡಾ? ಮುಂದಿನದು ಯಾವಾಗ? ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ, ಕೆಲವು ದಿನ ಸಕ್ಕರೆ ಏರುತ್ತದೆ. ಔಷಧದ ಹೆಸರು ಚೀಟಿಯಲ್ಲಿ ಬರೆಸಿಕೊಳ್ಳಿ. ಹೆಸರು ಹೇಳದೆ ಚುಚ್ಚುವವರ ಹತ್ತಿರ ಮಂಡಿ ಕೊಡಬೇಡಿ.