ದನದ ಹಕ್ಕೆ

ಹಸುವಿಗೂ ಹಾಸಿಗೆಯೇ ಎಂದು ಪಟ್ಟಣದ ವಾಚಕರು ನಕ್ಕಾರು. ಆದರೆ ಹಳಗನ್ನಡದ ‘ಪಕ್ಕೆ’ಗೆ ಮಲಗುವ ತಾಣವೆಂದೇ ಅರ್ಥ, ಅದೇ ‘ಹಕ್ಕೆ’ಯಾಗಿ ದನದ ಕೊಟ್ಟಿಗೆಗೂ ಸಂದಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳೆಯ ಮಾಳಿಗೆ ಮನೆಗಳಲ್ಲಿ ತಲೆಬಾಗಿಲು ದಾಟಿದರೆ ಎದುರಾಗುತ್ತಿದ್ದುದು ದನದ ಹಕ್ಕೆ. ಮನುಷ್ಯರ ಪಡಸಾಲೆ ಅದಕ್ಕಿಂತ ತುಸು ಎತ್ತರ. ಸೂರು ಮಾತ್ರ ಒಂದೇ.

ಆ ಹಕ್ಕೆಯಲ್ಲಿ ಹಾಸುತ್ತಿದ್ದುದೇನು? ಬರಿಯ ಒಣಮಣ್ಣು! ಶಿರಸಿ, ಸಿದ್ದಾಪುರಗಳ ಕಡೆ ಕೊಟ್ಟಿಗೆಗೆ ಹೊರೆಹೊರೆ ಸೊಪ್ಪು ಬೀಳುತ್ತದೆ. ಅಡಕೆ ತೋಟದ ಗೊಬ್ಬರಕ್ಕೆಂದೇ ಅಲ್ಲಿ ‘ಸೊಪ್ಪಿನ ಬೆಟ್ಟ’ಗಳುಂಟು. ಡೋಣಿ ನದಿಯ ಎರೆ ಬಯಲಿನಲ್ಲಿ ಬೆಟ್ಟವೆಲ್ಲಿ, ಸೊಪ್ಪೆಲ್ಲಿ? ಇದ್ದುದು ಜೋಳದ ಕಣಿಕೆಯೊಂದೇ. ಜೋಳವನ್ನು ಬೇರುಸಹಿತ ಕೀಳುವ ಸೀಮೆಯಿದು. ಕಣಿಕೆ ಗೋದಲಿಗೆ, ದನ ತಿಂದುಳಿಸಿದ ದಂಟಿನ ಬುಡ ಒಲೆಗೆ, ಹೆಂಡಿ ಕುಳ್ಳಿಗೆ. ಹಾಸಲು ಉಳಿಯುವುದೇನು?

ಇದನ್ನು ಜಿಪುಣತನವೆನ್ನುವವರು 1876ನ್ನು ನೆನೆಯಬೇಕು. ಆಗ ಈ ನಾಲ್ಕೂ ತಾಲ್ಲೂಕುಗಳು ಕಲಾದಗಿ ಜಿಲ್ಲೆಗೆ ಸೇರಿದ್ದವು. ಜಿಲ್ಲೆಯ ಕೇಂದ್ರ ವಿಜಾಪುರಕ್ಕೆ ಬಂದುದು 1885ರಲ್ಲಿ. ಮಳೆ ಕೈಕೊಟ್ಟಿತು, ಬಣವೆಗಳು ಕರಗಿದವು, ದನ ಅಳಿದವು, ಅವುಗಳ ಹಿಂದೆಯೇ ಜನ. 1872ರಲ್ಲಿ 8 ಲಕ್ಷ ಮೀರಿದ್ದ ಜಿಲ್ಲೆಯ ಜನಸಂಖ್ಯೆ 1881ರ ಎಣಿಕೆಯಲ್ಲಿ 6.4 ಲಕ್ಷಕ್ಕಿಂತ ಕೆಳಗಿಳಿದಿತ್ತು. ಆ ಬರ ಕಂಡ ಮನೆತನ ಕಣಿಕೆಯನ್ನು ದನದ ಕಾಲಡಿ ಚೆಲ್ಲೀತೆ?

1889ರಲ್ಲಿ ಸರಕಾರ ಇಂಗ್ಲೆಂಡಿನಿಂದ ಜಾನ್ ಅಗಸ್ಟಸ್ ವೋಲ್ಕರ್ ಎಂಬ ರಸಾಯನಶಾಸ್ತ್ರಜ್ಞನನ್ನು ಕರೆಸಿತು. ಭಾರತದ ರೈತ ಸಗಣಿ ಸುಡುವುದು ಅಜ್ಞಾನದಿಂದಲ್ಲ, ಸೌದೆಯಿಲ್ಲದ್ದರಿಂದ ಎಂದು ಆತ 1893ರ ವರದಿಯಲ್ಲಿ ಹೇಳಿದ. ಪುಣ್ಯಾತ್ಮ, ರೈತನ ಪರವಾಗಿ ಅಷ್ಟಾದರೂ ಬರೆದ! ಗಂಜಲ ಪೋಲಾಗುವುದೂ ಅವನ ಕಣ್ಣಿಗೆ ಬಿದ್ದಿತ್ತು.

ಸಾರಜನಕದ ದೊಡ್ಡ ಪಾಲು ಗಂಜಲದಲ್ಲೇ ಇರುವುದರಿಂದ ಒಣಮಣ್ಣಿನ ಹಾಸಿಗೆ ತೀರ ದಡ್ಡತನದ್ದೇನಲ್ಲ. ಹೀರಿದ ಮಣ್ಣು ತಿಪ್ಪೆ ಸೇರಿ, ಮುಂದೆ ಹೊಲಕ್ಕೆ ಹೋದರೆ ಅರ್ಧ ನಷ್ಟ ತುಂಬಿತು. ಆದರೆ ಮಣ್ಣನ್ನೂ ಆರಿಸಬೇಕು. ಎರೆ ನೆನೆದರೆ ಅಂಟು. ಮರಡಿಯ ಮರಳುಮಿಶ್ರ ಮಣ್ಣು ಬೇಗ ಆರುತ್ತದೆ. ತೆಗೆದು ಹಾಕಲು ಸೋಮಾರಿಯಾದರೆ ಗೊರಸು ಕೊಳೆಯುತ್ತದೆ. ಹಿಂಡುವ ಹಸುವಿಗೆ ಕೆಚ್ಚಲು ಬಾವು.

ಈಗ ಆಲಮಟ್ಟಿಯ ಕಾಲುವೆ ನೀರು ಹರಿದ ಕಡೆ ಕಬ್ಬಿನ ರವದಿ ಸಿಗುತ್ತದೆ. ಸಿಮೆಂಟು ನೆಲಕ್ಕೆ ರಬ್ಬರಿನ ಚಾಪೆಯೂ ಬಂದಿದೆ. ಮಳೆಯನ್ನೇ ನಂಬಿದ ಊರುಗಳಲ್ಲಿ ಕಣಿಕೆ ಇನ್ನೂ ಗೋದಲಿಗೇ ಹೋಗುತ್ತದೆ.